ಕೋಟು, ಮೊಳೆ ಬೂಟು, ನಾರಿನ ಹಗ್ಗ: ಹಳೆಯ ಪರ್ವತಾರೋಹಿಗಳ ಸಲಕರಣೆ ನಿಜಕ್ಕೂ ಅಷ್ಟು ಕಳಪೆಯಾಗಿತ್ತೇ?

ಎವರೆಸ್ಟ್ ಹತ್ತಲು ಹೊರಟಿದ್ದ ಬ್ರಿಟಿಷ್ ತಂಡಗಳ ಹಳೆಯ ಕಪ್ಪು-ಬಿಳುಪು ಚಿತ್ರಗಳನ್ನು ನೀವೂ ಮೊಬೈಲಿನಲ್ಲಿ ನೋಡಿರಬಹುದು. ಉಣ್ಣೆಯ ಕೋಟು, ಕುತ್ತಿಗೆಗೆ ಮಫ್ಲರ್, ಮೊಣಕಾಲಿನವರೆಗೆ ಸುತ್ತಿದ ಪಟ್ಟಿ, ತಲೆಗೆ ಸಾದಾ ಹ್ಯಾಟು. 1921ರ ತಂಡದ ಚಿತ್ರ ನೋಡಿದ ನಾಟಕಕಾರ ಬರ್ನಾರ್ಡ್ ಷಾ, ಐರ್ಲೆಂಡಿನಲ್ಲಿ ಪಿಕ್‌ನಿಕ್ಕಿಗೆ ಹೋದವರು ಹಿಮಪಾತಕ್ಕೆ ಸಿಕ್ಕಿಬಿದ್ದಂತಿದೆ ಎಂಬರ್ಥದ ಮಾತನ್ನು ಆಡಿದ್ದರಂತೆ.

ಇಂಥ ಚಿತ್ರಗಳ ಜೊತೆ ಸಾಮಾನ್ಯವಾಗಿ ಎರಡು ಬಗೆಯ ಒಕ್ಕಣೆ ಬರುತ್ತದೆ. "ಪಾಪ, ಏನೂ ತಿಳಿಯದೆ ಕೋಟು ಹಾಕಿಕೊಂಡು ಹೋಗಿ ಚಳಿಗೆ ಸತ್ತರು" ಎನ್ನುವುದು ಒಂದು. "ಹಳೆಯ ಕಾಲದ ಉಣ್ಣೆಯ ಮುಂದೆ ಇಂದಿನ ಸಾವಿರಾರು ರೂಪಾಯಿಯ ಜಾಕೆಟ್ ಏನೇನೂ ಅಲ್ಲ" ಎನ್ನುವುದು ಇನ್ನೊಂದು. ಒಂದಕ್ಕೊಂದು ವಿರುದ್ಧವಾದ ಈ ಎರಡು ಮಾತುಗಳಲ್ಲಿ ಯಾವುದು ಸರಿ?

ಚುಟುಕಾಗಿ ಹೇಳುವುದಾದರೆ, ಎರಡೂ ಪೂರ್ತಿ ಸರಿಯಲ್ಲ. ಅಂದಿನ ಸಲಕರಣೆ ಯೋಚಿಸಿ ಮಾಡಿದ್ದು, ಎಲ್ಲವೂ ಅಂದುಕೊಂಡಂತೆ ನಡೆದರೆ ಸಾಕಾಗುವಂಥದ್ದು. ಆದರೆ ಒಂದು ಕಾಲು ಜಾರಿದರೆ, ಒಂದು ರಾತ್ರಿ ಬಯಲಿನಲ್ಲಿ ಕಳೆಯಬೇಕಾಗಿ ಬಂದರೆ ಕಾಪಾಡುವಷ್ಟು ಹೆಚ್ಚುವರಿ ಶಕ್ತಿ ಅದರಲ್ಲಿರಲಿಲ್ಲ. ಒಂದೊಂದಾಗಿ ನೋಡೋಣ.

ಬಟ್ಟೆ: 1999ರಲ್ಲಿ ಸಿಕ್ಕ ಸಾಕ್ಷಿ

1924ರ ಜೂನ್ 8ರಂದು ಜಾರ್ಜ್ ಮ್ಯಾಲರಿ ಮತ್ತು ಆಂಡ್ರ್ಯೂ ಇರ್ವಿನ್ ಎವರೆಸ್ಟಿನ ಶಿಖರದತ್ತ ಹೊರಟರು. ಅದೇ ತಂಡದ ನೋಯೆಲ್ ಓಡೆಲ್ ಮಧ್ಯಾಹ್ನ ಮೋಡ ಸರಿದಾಗ ಅವರನ್ನು ದೂರದಿಂದ ಕಂಡರು. ಮತ್ತೆ ಮೋಡ ಮುಚ್ಚಿತು. ಆಮೇಲೆ ಅವರಿಬ್ಬರೂ ಯಾರ ಕಣ್ಣಿಗೂ ಬೀಳಲಿಲ್ಲ.

ಎಪ್ಪತ್ತೈದು ವರ್ಷಗಳ ನಂತರ, 1999ರ ಮೇ 1ರಂದು, ಅಮೆರಿಕದ ಪರ್ವತಾರೋಹಿ ಕಾನ್ರಾಡ್ ಆಂಕರ್ ಸುಮಾರು 8,150 ಮೀಟರ್ ಎತ್ತರದಲ್ಲಿ ಒಂದು ದೇಹವನ್ನು ಕಂಡರು. ಅದು ಇರ್ವಿನ್ ಅವರದಿರಬೇಕು ಎಂದುಕೊಂಡಿದ್ದ ತಂಡಕ್ಕೆ ಅಂಗಿಗೆ ಹೊಲಿದಿದ್ದ ಹೆಸರಿನ ಪಟ್ಟಿ ನೋಡಿ ಅಚ್ಚರಿಯಾಯಿತು. ಅದರಲ್ಲಿದ್ದದ್ದು ಮ್ಯಾಲರಿಯ ಹೆಸರು.

ಆ ದೇಹದ ಮೇಲಿದ್ದ ಬಟ್ಟೆಯ ತುಂಡುಗಳನ್ನು ಬ್ರಿಟನ್ನಿನಲ್ಲಿ ಪರೀಕ್ಷಿಸಲಾಯಿತು. ಚಿತ್ರದಲ್ಲಿ ಕಾಣುವ 'ಕೋಟಿನ' ಒಳಗಿನ ಗುಟ್ಟು ಆಗ ಹೊರಬಿತ್ತು. ಮೈಗೆ ಅಂಟಿಕೊಂಡು ಒಳಉಡುಪು, ಅದರ ಮೇಲೆ ರೇಷ್ಮೆ, ಹತ್ತಿ ಮತ್ತು ಉಣ್ಣೆಯ ಹಲವು ತೆಳುವಾದ ಪದರಗಳು, ಎಲ್ಲಕ್ಕಿಂತ ಮೇಲೆ ಗಾಳಿ ತಡೆಯುವ ಗ್ಯಾಬರ್ಡೀನ್ ಬಟ್ಟೆಯ ಜಾಕೆಟ್.

ಈ ಜೋಡಣೆಯ ಹಿಂದೆ ವಿಜ್ಞಾನವಿದೆ. ನಮ್ಮನ್ನು ಬೆಚ್ಚಗಿಡುವುದು ಬಟ್ಟೆಗಿಂತ ಹೆಚ್ಚಾಗಿ ಬಟ್ಟೆಯ ನಡುವೆ ಸಿಕ್ಕಿಕೊಂಡ ಗಾಳಿ. ಒಂದು ದಪ್ಪ ಕಂಬಳಿಗಿಂತ ಎರಡು ತೆಳು ಹೊದಿಕೆ ಹೊದ್ದರೆ ಹೆಚ್ಚು ಬೆಚ್ಚಗಿರುವುದು ಇದೇ ಕಾರಣಕ್ಕೆ. ರೇಷ್ಮೆಗೆ ಇನ್ನೊಂದು ಉಪಯೋಗವೂ ಇತ್ತು. ನುಣುಪಾದ ರೇಷ್ಮೆಯ ಮೇಲೆ ಉಣ್ಣೆ ಸಲೀಸಾಗಿ ಜಾರುತ್ತದೆ. ಹಾಗಾಗಿ ಅಷ್ಟು ಪದರ ತೊಟ್ಟರೂ ಕೈಕಾಲು ಆಡಿಸಲು ಕಷ್ಟವಾಗುವುದಿಲ್ಲ.

ಗ್ಯಾಬರ್ಡೀನ್ ಬಟ್ಟೆಗೆ 1888ರಲ್ಲಿ ಪೇಟೆಂಟ್ ಪಡೆದವರು ಥಾಮಸ್ ಬರ್ಬೆರಿ. ನೇಯ್ದ ಮೇಲೆ ಬಟ್ಟೆಗೆ ರಬ್ಬರ್ ಬಳಿಯುವ ಬದಲು, ನೇಯುವ ಮೊದಲೇ ನೂಲಿಗೆ ನೀರು ಹಿಡಿಯದಂತೆ ಸಂಸ್ಕಾರ ಮಾಡಿ, ಒತ್ತಾಗಿ ನೇಯುವುದು ಅವರ ವಿಧಾನ. ಇದರಿಂದ ಗಾಳಿ ಒಳಗೆ ನುಗ್ಗುವುದಿಲ್ಲ, ಒಳಗಿನ ಬೆವರಿನ ಆವಿ ಮಾತ್ರ ಹೊರಗೆ ಹೋಗುತ್ತದೆ. ಇಂದಿನ ದುಬಾರಿ ಜಾಕೆಟ್‌ಗಳು ಮಾಡುವ ಕೆಲಸವೂ ಮೂಲತಃ ಇದೇ.

ಹಾಗಾದರೆ ಆ ಬಟ್ಟೆ ಸಾಕಾಗುತ್ತಿತ್ತೇ?

ಮೇರಿ ರೋಸ್ ಮತ್ತು ಮೈಕ್ ಪಾರ್ಸನ್ಸ್ ಎಂಬ ಸಂಶೋಧಕರ ಪ್ರಯತ್ನದಿಂದ ಮ್ಯಾಲರಿಯ ಉಡುಪಿನ ನಕಲನ್ನು ಅದೇ ಬಗೆಯ ನೂಲಿನಿಂದ ಮತ್ತೆ ತಯಾರಿಸಲಾಯಿತು. 2006ರಲ್ಲಿ ಗ್ರಹಾಂ ಹಾಯ್ಲೆಂಡ್ ಅದನ್ನು ತೊಟ್ಟು ಎವರೆಸ್ಟಿನ ತಪ್ಪಲಿನ ಹಿಮನದಿಯ ಮೇಲೆ ಓಡಾಡಿ ನೋಡಿದರು. ಅದು ಹಗುರವಾಗಿತ್ತು, ಮೈಗೆ ಹಿತವಾಗಿತ್ತು, ಬೆಚ್ಚಗೂ ಇತ್ತು. ಇಂದಿನ ಎವರೆಸ್ಟ್ ಉಡುಪಿಗಿಂತ ಕಡಿಮೆ ತೂಕದ್ದೂ ಆಗಿತ್ತು.

ಅಲ್ಲಿಗೆ 'ಕೋಟು ಹಾಕಿಕೊಂಡು ಹೋಗಿ ಸತ್ತರು' ಎಂಬ ಮಾತು ನಿಲ್ಲುವುದಿಲ್ಲ. ಆದರೆ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ಜಾರ್ಜ್ ಹ್ಯಾವೆನಿತ್ ಈ ಉಡುಪು ಎಷ್ಟು ಶಾಖವನ್ನು ತಡೆದಿಡುತ್ತದೆ ಎಂದು ಪ್ರಯೋಗಾಲಯದಲ್ಲಿ ಅಳೆದರು. ಅದರ ಸಾರಾಂಶ ಇಷ್ಟು: ಹವೆ ಚೆನ್ನಾಗಿದ್ದು, ಹತ್ತುವವರು ನಿಲ್ಲದೆ ಚಲಿಸುತ್ತಿದ್ದರೆ ಈ ಬಟ್ಟೆ ಸಾಕು. ಗಾಳಿ ಜೋರಾದರೆ ಅಥವಾ ರಾತ್ರಿಯನ್ನು ಬಯಲಿನಲ್ಲಿ ಕಳೆಯಬೇಕಾದರೆ ಸಾಲದು.

ಯಾಕೆ ಹೀಗೆ? ಸುಮ್ಮನೆ ಕುಳಿತ ಮನುಷ್ಯನ ದೇಹ ಹೆಚ್ಚುಕಡಿಮೆ 100 ವ್ಯಾಟ್‌ನಷ್ಟು, ಅಂದರೆ ಹಳೆಯ ಕಾಲದ ಒಂದು ದೊಡ್ಡ ಬಲ್ಬಿನಷ್ಟು ಶಾಖ ಉತ್ಪಾದಿಸುತ್ತದೆ. ಬೆಟ್ಟ ಹತ್ತುವಾಗ ಅದು ಹಲವು ಪಟ್ಟಾಗುತ್ತದೆ. ಹತ್ತುವವರೆಗೆ ದೇಹವೇ ಒಲೆ. ಕಾಲು ಮುರಿದೋ, ಕತ್ತಲಾಗಿಯೋ ನಿಂತುಬಿಟ್ಟರೆ ಒಲೆಯ ಉರಿ ಇಳಿಯುತ್ತದೆ. ಆಗ ಕಾಪಾಡಬೇಕಾದದ್ದು ಬಟ್ಟೆಯೊಂದೇ.

ಎಲ್ಲರೂ ನಕ್ಕ ಜಾಕೆಟ್

ಇದಕ್ಕೆ ಉತ್ತರ 1922ರಲ್ಲೇ ಒಬ್ಬರ ಬಳಿ ಇತ್ತು. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ರಸಾಯನಶಾಸ್ತ್ರಜ್ಞ ಜಾರ್ಜ್ ಫಿಂಚ್ ಆ ವರ್ಷದ ಎವರೆಸ್ಟ್ ತಂಡದಲ್ಲಿದ್ದರು. ಹಾರುವ ಬಲೂನಿಗೆ ಬಳಸುವ ಬಟ್ಟೆಯನ್ನು ತಂದು, ಅದರೊಳಗೆ ಐಡರ್ ಎಂಬ ಬಾತುಕೋಳಿಯ ಮೃದುವಾದ ತುಪ್ಪುಳ ತುಂಬಿಸಿ, ತಮಗೆ ತಾವೇ ಒಂದು ಉದ್ದನೆಯ ಕೋಟು ಹೊಲಿಸಿಕೊಂಡರು. ಉಬ್ಬಿಕೊಂಡ ಆ ವಿಚಿತ್ರ ಕೋಟನ್ನು ಕಂಡು ಜೊತೆಯವರು ಗೇಲಿ ಮಾಡಿದರು. ಮೇಲೆ ಹೋಗಿ ಚಳಿ ಹೆಚ್ಚಿದಾಗ ಅದೇ ಕೋಟಿನ ಮೇಲೆ ಅವರಿಗೆ ಆಸೆಯಾಯಿತು.

ಇಂದು ಹಿಮಾಲಯಕ್ಕೆ ಚಾರಣ ಹೋಗುವವರು ಬಾಡಿಗೆಗೆ ಪಡೆಯುವ ಉಬ್ಬು ಜಾಕೆಟ್ ಇದೆಯಲ್ಲ, ಅದರ ಪೂರ್ವಜ ಈ ಕೋಟು. ಅದೇ ಫಿಂಚ್ ಮುಂದೆ ಭಾರತಕ್ಕೆ ಬಂದು, 1952ರಿಂದ 1957ರವರೆಗೆ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ನಿರ್ದೇಶಕರಾಗಿದ್ದರು ಎನ್ನುವುದು ಹೆಚ್ಚಿನವರಿಗೆ ತಿಳಿಯದ ಸಂಗತಿ.

ಬೂಟು: ಲಾಳ ಹೊಡೆದ ಪಾದ

ಎತ್ತಿನ ಗೊರಸಿಗೆ ಲಾಳ ಹೊಡೆಸುವುದನ್ನು ಹಳ್ಳಿಯಲ್ಲಿ ನೋಡಿದವರಿಗೆ ಹಳೆಯ ಪರ್ವತಾರೋಹಣದ ಬೂಟು ಅರ್ಥವಾಗುವುದು ಸುಲಭ. ಚರ್ಮದ ಅಡಿಗೆ ಕಬ್ಬಿಣದ ಮೊಳೆಗಳನ್ನು ಹೊಡೆದಿರುತ್ತಿದ್ದರು. ನಡುವೆ ದುಂಡು ತಲೆಯ ಮೊಳೆ, ಅಂಚಿನಲ್ಲಿ ಹಲ್ಲಿನಂಥ ಮೊಳೆ. ಒದ್ದೆ ಬಂಡೆಯ ಮೇಲೆ, ಗಟ್ಟಿಯಾದ ಹಿಮದ ಮೇಲೆ ಇವು ಚೆನ್ನಾಗಿಯೇ ಹಿಡಿಯುತ್ತಿದ್ದವು. ಜಿನೀವಾದ ಫೆಲಿಕ್ಸ್ ಜೆನೆಕಾನ್ ರೂಪಿಸಿದ, ಅವರ ಅಡ್ಡಹೆಸರಿನಿಂದಲೇ 'ಟ್ರಿಕೂನಿ' ಎಂದು ಕರೆಸಿಕೊಂಡ ಗರಗಸದ ಹಲ್ಲಿನಂಥ ಉಕ್ಕಿನ ಮೊಳೆಗಳು ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ ಬಹಳ ಹೆಸರು ಮಾಡಿದವು.

ತೊಂದರೆ ಬೇರೆ ಕಡೆ ಇತ್ತು. ಕಬ್ಬಿಣ ಶಾಖವನ್ನು ಬೇಗ ಸಾಗಿಸುತ್ತದೆ. ಬಿಸಿ ಪಾತ್ರೆಗೆ ಇಟ್ಟ ಸ್ಟೀಲ್ ಚಮಚ ಕೈ ಸುಡುವಂತೆಯೇ, ಹಿಮಕ್ಕೆ ತಾಗಿದ ಮೊಳೆ ಪಾದದ ಬಿಸಿಯನ್ನು ಹೊರಗೆ ಎಳೆದುಕೊಳ್ಳುತ್ತದೆ. ಪರಿಣಾಮ ಫ್ರಾಸ್ಟ್‌ಬೈಟ್, ಅಂದರೆ ಚರ್ಮ ಮತ್ತು ಅದರ ಕೆಳಗಿನ ಮಾಂಸ ಹೆಪ್ಪುಗಟ್ಟಿ ಸಾಯುವುದು. ಚರ್ಮದ ಬೂಟು ಬೆವರನ್ನೂ ಹಿಮದ ನೀರನ್ನೂ ಹೀರಿಕೊಂಡು ರಾತ್ರಿ ಕಲ್ಲಿನಂತಾಗುತ್ತಿತ್ತು. 1953ರಲ್ಲಿ ಎಡ್ಮಂಡ್ ಹಿಲರಿ ಎವರೆಸ್ಟಿನ ಕೊನೆಯ ಶಿಬಿರದಲ್ಲಿ ಬೂಟು ಬಿಚ್ಚಿಟ್ಟು ಮಲಗಿದ್ದರು. ಬೆಳಗ್ಗೆ ಎದ್ದಾಗ ಅವು ಹೆಪ್ಪುಗಟ್ಟಿದ್ದವು. ಸ್ಟೌವ್ ಮೇಲೆ ಕಾಯಿಸಿ ಮೆತ್ತಗೆ ಮಾಡಲು ಸುಮಾರು ಎರಡು ಗಂಟೆ ಬೇಕಾಯಿತು.

ಹಿಲರಿಯ ತಂಡಕ್ಕಾಗಿ ವಿಶೇಷವಾಗಿ ತಯಾರಾದ ಆ ಬೂಟುಗಳ ಒಳಗೆ ಕಪೋಕ್ ನಾರನ್ನು ಬಳಸಲಾಗಿತ್ತು. ಕಪೋಕ್ ಎಂದರೆ ಬೇರೇನಲ್ಲ, ನಮ್ಮ ಕಡೆ ದಿಂಬು-ಹಾಸಿಗೆಗೆ ತುಂಬುವ ಬಿಳಿ ಬೂರುಗದ ಹತ್ತಿ. ಎಳೆಯ ಒಳಗೇ ಟೊಳ್ಳು ಇರುವುದರಿಂದ ಅದು ಗಾಳಿಯನ್ನು ಚೆನ್ನಾಗಿ ಹಿಡಿದಿಡುತ್ತದೆ.

ಅದಕ್ಕೂ ಹಿಂದಿನ ತಂಡಗಳಲ್ಲಿ ಹಿಮಕ್ಕೆ ಪಾದ ಕಳೆದುಕೊಂಡವರು ಬರೀ ಬಿಳಿಯರಲ್ಲ. 1924ರ ತಂಡದಲ್ಲಿ ಚಪ್ಪಲಿ-ಬೂಟು ರಿಪೇರಿಯ ಕೆಲಸಕ್ಕಿದ್ದ ಮನ್ ಬಹದ್ದೂರ್ ಎಂಬವರ ಎರಡೂ ಪಾದಗಳು ಹೆಪ್ಪುಗಟ್ಟಿದ್ದವು. ಅವರು ಬದುಕಿ ಮನೆಗೆ ಮರಳಲಿಲ್ಲ. ಮ್ಯಾಲರಿಯ ಹೆಸರು ಗೊತ್ತಿರುವ ಲಕ್ಷಾಂತರ ಜನರಿಗೆ, ಉಳಿದವರ ಬೂಟು ಸರಿಮಾಡುತ್ತಿದ್ದ ಈ ಮನುಷ್ಯನ ಹೆಸರು ಗೊತ್ತಿಲ್ಲ.

ಮೊಳೆ ಬೂಟಿನ ಕಾಲ ಮುಗಿಸಿದ್ದು ಒಂದು ದುರಂತ. 1935ರಲ್ಲಿ ಇಟಲಿಯ ಪುಂಟಾ ರಾಸಿಕಾ ಎಂಬ ಶಿಖರದಲ್ಲಿ ಆರು ಮಂದಿ ಪರ್ವತಾರೋಹಿಗಳು ಬಿರುಗಾಳಿಗೆ ಸಿಕ್ಕು ಸತ್ತರು. ಬಂಡೆ ಹತ್ತಲು ಅನುಕೂಲವೆಂದು ಅವರು ತೆಳುವಾದ ಮೆತ್ತನೆಯ ಬೂಟು ತೊಟ್ಟಿದ್ದರು. ಹಿಮ ಬಿದ್ದಾಗ ಅದರಲ್ಲಿ ಇಳಿಯಲಾಗಲಿಲ್ಲ. ಅವರ ಗೆಳೆಯ ವಿಟಾಲೆ ಬ್ರಮಾನಿ, ಬಂಡೆ ಮತ್ತು ಹಿಮ ಎರಡಕ್ಕೂ ಒಂದೇ ಬೂಟು ಸಾಕಾಗಬೇಕು ಎಂದು ಯೋಚಿಸಿ, ಟೈರ್ ಕಂಪನಿ ಪಿರೆಲ್ಲಿಯ ನೆರವಿನಿಂದ ಆಳವಾದ ಗೀರುಗಳಿರುವ ರಬ್ಬರ್ ಅಡಿಯನ್ನು ರೂಪಿಸಿದರು. 1937ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಅವರ ಹೆಸರಿನ ಮೊದಲ ಅಕ್ಷರಗಳೇ ಸೇರಿ 'ವಿಬ್ರಮ್' ಆಯಿತು. ಇಂದು ನಿಮ್ಮ ಚಾರಣದ ಶೂ ಯಾವ ಕಂಪನಿಯದೇ ಆಗಿರಲಿ, ತಿರುಗಿಸಿ ನೋಡಿದರೆ ಕಾಣುವ ದಪ್ಪ ಹಲ್ಲುಗಳ ವಿನ್ಯಾಸ ಈ ಪರಂಪರೆಯದು.

ಕೊಡಲಿ ಮತ್ತು ಕ್ರ್ಯಾಂಪಾನ್: ಮೆಟ್ಟಿಲು ಕಡಿಯುವ ಕಷ್ಟ

ಆಲ್ಪ್ಸ್ ಪರ್ವತದ ಕುರುಬರ ಕೈಯಲ್ಲಿ ಆಳೆತ್ತರದ ಒಂದು ಕೋಲು ಇರುತ್ತಿತ್ತು, ತುದಿಗೆ ಕಬ್ಬಿಣದ ಮೊನೆ. ಅದಕ್ಕೆ ಆಲ್ಪೆನ್‌ಸ್ಟಾಕ್ ಎನ್ನುತ್ತಿದ್ದರು. ಹಿಮ ಕಡಿಯಲು ಬೇರೆ ಕೊಡಲಿ ಬೇಕಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಇವೆರಡೂ ಸೇರಿ ಐಸ್ ಆಕ್ಸ್ ಆಯಿತು. ಒಂದು ಬದಿ ಗುದ್ದಲಿ, ಇನ್ನೊಂದು ಬದಿ ಮೊನಚು, ಕೆಳಗೆ ಈಟಿ, ನಡುವೆ ಆಶ್ ಮರದ ಹಿಡಿ. ಕಡಿದಾದ ಹಿಮದಲ್ಲಿ ಇದರಿಂದ ಒಂದೊಂದೇ ಮೆಟ್ಟಿಲು ಕಡಿಯುತ್ತಾ ಹತ್ತಬೇಕಿತ್ತು. ನೂರಾರು ಮೆಟ್ಟಿಲು, ಗಂಟೆಗಟ್ಟಲೆ ಶ್ರಮ.

ಈ ಶ್ರಮ ಉಳಿಸಿದ್ದು ಕ್ರ್ಯಾಂಪಾನ್, ಅಂದರೆ ಬೂಟಿನ ಅಡಿಗೆ ಕಟ್ಟುವ ಮುಳ್ಳಿನ ಚೌಕಟ್ಟು. ಸಾದಾ ರೂಪದಲ್ಲಿ ಅದು ಮೊದಲೂ ಇತ್ತು. 1908ರ ಹೊತ್ತಿಗೆ ಆಸ್ಕರ್ ಎಕೆನ್‌ಸ್ಟೈನ್ ಎಂಬ ಬ್ರಿಟಿಷ್ ಎಂಜಿನಿಯರ್ ಹತ್ತು ಮೊನೆಗಳ ಹೊಸ ವಿನ್ಯಾಸ ಮಾಡಿದರು. ಇಟಲಿಯ ಕೂರ್ಮಾಯೂರ್‌ನ ಕಮ್ಮಾರ ಹೆನ್ರಿ ಗ್ರಿವೆಲ್ ಅದನ್ನು ತಯಾರಿಸಿದರು. 1929ರಲ್ಲಿ ಅದೇ ಮನೆತನದ ಲೊರಾಂ ಗ್ರಿವೆಲ್ ಮುಂದಕ್ಕೆ ಚಾಚಿದ ಇನ್ನೆರಡು ಮೊನೆ ಸೇರಿಸಿದರು. ಬೂಟಿನ ತುದಿಯಿಂದ ಒದ್ದು ಹಿಮದ ಗೋಡೆಯನ್ನೇ ಹತ್ತುವುದು ಇದರಿಂದ ಸಾಧ್ಯವಾಯಿತು.

ಹೊಸತು ಬಂದಾಗಲೆಲ್ಲ ಕೇಳುವ ಆಕ್ಷೇಪ ಆಗಲೂ ಇತ್ತು. ಮೆಟ್ಟಿಲು ಕಡಿಯುವುದೇ ನಿಜವಾದ ಕೌಶಲ, ಮುಳ್ಳು ಕಟ್ಟಿಕೊಂಡು ಹೋಗುವುದು ಮೋಸ ಎಂದು ಹಳಬರು ಮೂಗು ಮುರಿದರು.

ಒಳ್ಳೆಯ ಕ್ರ್ಯಾಂಪಾನ್ ಇದ್ದರೂ 1924ರಲ್ಲಿ ಮ್ಯಾಲರಿ ಅದನ್ನು ಶಿಖರದ ದಾರಿಯಲ್ಲಿ ಬಳಸಿದಂತಿಲ್ಲ. ಅಂದಿನ ಮೆತ್ತನೆಯ ಬೂಟಿನ ಮೇಲೆ ಪಟ್ಟಿಯನ್ನು ಬಿಗಿದರೆ ಪಾದಕ್ಕೆ ರಕ್ತ ಹರಿಯುವುದು ಕಡಿಮೆಯಾಗಿ ಬೆರಳು ಹೆಪ್ಪುಗಟ್ಟುವ ಅಪಾಯವಿತ್ತು. ಒಂದು ಒಳ್ಳೆಯ ಸಲಕರಣೆ ಕೆಲಸ ಮಾಡಬೇಕಾದರೆ ಅದಕ್ಕೆ ಹೊಂದುವ ಇನ್ನೊಂದು ಬೇಕು. ಗಟ್ಟಿ ಬೂಟು ಬರುವವರೆಗೆ ಅಷ್ಟು ಎತ್ತರದಲ್ಲಿ ಕ್ರ್ಯಾಂಪಾನಿನ ಪೂರ್ಣ ಲಾಭ ಸಿಗಲಿಲ್ಲ.

ಹಗ್ಗ: ಎಲ್ಲಕ್ಕಿಂತ ದುರ್ಬಲವಾದ ಕೊಂಡಿ

ಹಳೆಯ ಸಲಕರಣೆಗಳಲ್ಲಿ ನಿಜವಾಗಿಯೂ ಅಪಾಯಕಾರಿಯಾಗಿದ್ದದ್ದು ಯಾವುದು ಎಂದು ಕೇಳಿದರೆ ಉತ್ತರ ಕೋಟೂ ಅಲ್ಲ, ಬೂಟೂ ಅಲ್ಲ. ಹಗ್ಗ.

1864ರಲ್ಲಿ ಲಂಡನ್ನಿನ ಆಲ್ಪೈನ್ ಕ್ಲಬ್ ಒಂದು ಸಮಿತಿ ನೇಮಿಸಿ ಬೇರೆ ಬೇರೆ ಹಗ್ಗಗಳನ್ನು ಪರೀಕ್ಷಿಸಿತು. ಭಾರ ಕಟ್ಟಿ ಬೀಳಿಸಿ ನೋಡಿ, ಮನಿಲಾ ನಾರಿನ ಹಗ್ಗವನ್ನು ಒಳ್ಳೆಯವುಗಳ ಪಟ್ಟಿಗೆ ಸೇರಿಸಿತು. ಮನಿಲಾ ನಾರು ಬರುವುದು ಫಿಲಿಪ್ಪೀನ್ಸ್‌ನ ಒಂದು ಜಾತಿಯ ಬಾಳೆಗಿಡದಿಂದ. ನಕಲಿ ಹಗ್ಗದಿಂದ ಗುರುತಿಸಲು ಕ್ಲಬ್ ಮೆಚ್ಚಿದ ಹಗ್ಗದೊಳಗೆ ಒಂದು ಕೆಂಪು ನೂಲು ಸೇರಿಸುತ್ತಿದ್ದರು.

ಅದರ ಮರುವರ್ಷವೇ, 1865ರ ಜುಲೈ 14ರಂದು, ಸ್ವಿಟ್ಜರ್ಲೆಂಡ್-ಇಟಲಿ ಗಡಿಯ ಮ್ಯಾಟರ್‌ಹಾರ್ನ್ ಶಿಖರವನ್ನು ಎಡ್ವರ್ಡ್ ವಿಂಪರ್ ತಂಡದ ಏಳು ಮಂದಿ ಮೊದಲ ಬಾರಿಗೆ ಏರಿದರು. ಇಳಿಯುವಾಗ ತಂಡದ ಅನನುಭವಿ ಯುವಕ ಹ್ಯಾಡೋ ಕಾಲು ಜಾರಿ ಮುಂದಿದ್ದ ಮಾರ್ಗದರ್ಶಿ ಕ್ರೋ ಮೇಲೆ ಬಿದ್ದರು. ಒಂದೇ ಹಗ್ಗಕ್ಕೆ ಕಟ್ಟಿಕೊಂಡಿದ್ದ ಹಡ್ಸನ್ ಮತ್ತು ಲಾರ್ಡ್ ಡಗ್ಲಸ್ ಕೂಡ ಜಾರಿದರು. ಡಗ್ಲಸ್ ಮತ್ತು ಅವರ ಮೇಲಿದ್ದ ಹಿರಿಯ ಮಾರ್ಗದರ್ಶಿ ಪೀಟರ್ ಟೌಗ್‌ವಾಲ್ಡರ್ ನಡುವಿನ ಹಗ್ಗ ತುಂಡಾಯಿತು. ನಾಲ್ವರು ಪ್ರಪಾತಕ್ಕೆ ಬಿದ್ದು ಸತ್ತರು. ವಿಂಪರ್, ಟೌಗ್‌ವಾಲ್ಡರ್ ಮತ್ತು ಅವರ ಮಗ ಉಳಿದುಕೊಂಡರು.

ಆಗ ಹುಟ್ಟಿತು ಒಂದು ವದಂತಿ: ತನ್ನ ಜೀವ ಉಳಿಸಿಕೊಳ್ಳಲು ಟೌಗ್‌ವಾಲ್ಡರ್ ಹಗ್ಗವನ್ನು ಚಾಕುವಿನಿಂದ ಕತ್ತರಿಸಿದ. ವಾಟ್ಸಾಪ್ ಇಲ್ಲದ ಕಾಲದಲ್ಲೂ ಇದು ಊರಿಂದೂರಿಗೆ ಹಬ್ಬಿತು. ಅಧಿಕೃತ ವಿಚಾರಣೆ ನಡೆದು ಅವರು ನಿರ್ದೋಷಿ ಎಂದಾಯಿತು. ಆದರೂ ಅನುಮಾನ ಅವರನ್ನು ಬಿಡಲಿಲ್ಲ. ಆ ಹಗ್ಗದ ತುಂಡು ಇಂದಿಗೂ ಜರ್ಮಾಟ್ ಊರಿನ ವಸ್ತುಸಂಗ್ರಹಾಲಯದಲ್ಲಿದೆ. ಅದು ಅವರ ಬಳಿ ಇದ್ದ ಹಗ್ಗಗಳಲ್ಲೇ ಹಳೆಯದು ಮತ್ತು ತೆಳುವಾದದ್ದು. ಮನುಷ್ಯರ ಭಾರ ಹೊರಲಿ ಎಂದು ತಂದದ್ದೂ ಅಲ್ಲ. ನಾಲ್ವರು ಒಮ್ಮೆಗೇ ಎಳೆದಾಗ ತುಂಡಾಗಲು ಅದಕ್ಕೆ ಚಾಕು ಬೇಕಿರಲಿಲ್ಲ.

ಭಾರ ಹೊರುವುದು ಬೇರೆ, ಬೀಳುವವರನ್ನು ತಡೆಯುವುದು ಬೇರೆ

ಬಾವಿಯಿಂದ ನೀರು ಸೇದುವಾಗ ನಿಧಾನಕ್ಕೆ ಎಳೆದರೆ ಹಳೆಯ ಹಗ್ಗವೂ ತುಂಬಿದ ಕೊಡವನ್ನು ಮೇಲೆ ತರುತ್ತದೆ. ಕೈಜಾರಿ ಕೊಡ ಕೆಳಗೆ ಹೋಗಿ, ಹಗ್ಗ ಒಮ್ಮೆಲೇ ಬಿಗಿದರೆ? ಅದೇ ಹಗ್ಗ ಪಟ್ಟೆಂದು ತುಂಡಾಗಬಹುದು. ಕೊಡದ ತೂಕ ಬದಲಾಗಿಲ್ಲ. ಆದರೆ ಬೀಳುತ್ತಿರುವ ವಸ್ತುವನ್ನು ಎಷ್ಟು ಕಡಿಮೆ ದೂರದಲ್ಲಿ ನಿಲ್ಲಿಸುತ್ತೇವೋ ಅಷ್ಟು ಹೆಚ್ಚು ಬಲ ಹಗ್ಗದ ಮೇಲೆ ಬೀಳುತ್ತದೆ.

ನಾರಿನ ಹಗ್ಗದ ದೋಷ ಇಷ್ಟೇ. ಅದು ಹೆಚ್ಚು ಹಿಗ್ಗುವುದಿಲ್ಲ. ಮೇಲೆ ಹತ್ತುತ್ತಿದ್ದವರು ಬಿದ್ದರೆ ಒಂದೋ ಹಗ್ಗ ತುಂಡಾಗಬೇಕು, ಇಲ್ಲವೇ ಆ ಏಟನ್ನು ಅವರ ಸೊಂಟ ತಿನ್ನಬೇಕು. ಆಗ ಹಗ್ಗವನ್ನು ನೇರವಾಗಿ ಸೊಂಟಕ್ಕೇ ಕಟ್ಟಿಕೊಳ್ಳುತ್ತಿದ್ದರು. ಜೊತೆಗೆ ಒದ್ದೆಯಾದರೆ ಅದು ಭಾರವಾಗುತ್ತಿತ್ತು, ಹೆಪ್ಪುಗಟ್ಟಿದರೆ ಸರಳಿನಂತೆ ಸೆಟೆಯುತ್ತಿತ್ತು, ಹೊರಗೆ ಕಾಣದಂತೆ ಒಳಗೆ ಕೊಳೆಯುತ್ತಿತ್ತು. ಅದಕ್ಕೇ ಅಂದಿನ ಮೊದಲ ನಿಯಮ: ಮುಂದೆ ಹೋಗುವವರು ಬೀಳಲೇಬಾರದು.

ಮ್ಯಾಲರಿಯ ದೇಹ ಹೇಳಿದ ಕಥೆಯೂ ಇದೇ. ಸೊಂಟಕ್ಕೆ ಕಟ್ಟಿದ್ದ ಹತ್ತಿಯ ಹಗ್ಗ ತುಂಡಾಗಿತ್ತು. ಹಗ್ಗ ಜಗ್ಗಿದ ಗುರುತು ಮೈಮೇಲಿತ್ತು. ಬಲಗಾಲಿನ ಮೂಳೆ ಮುರಿದಿತ್ತು, ಹಣೆಯಲ್ಲಿ ಗಾಯವಿತ್ತು. ಬಟ್ಟೆ ಸಾಲದೆ ನಡೆಯುತ್ತಲೇ ಕುಸಿದವರ ದೇಹ ಹೀಗಿರುವುದಿಲ್ಲ. ಅವರು ಬಿದ್ದಿದ್ದರು.

1910ರ ಆಸುಪಾಸಿನಲ್ಲಿ ಆಲ್ಪ್ಸ್ ಪ್ರದೇಶದಲ್ಲಿ ಎರಡು ಸಣ್ಣ ವಸ್ತುಗಳು ಬಂದವು. ಆಸ್ಟ್ರಿಯಾದ ಹಾನ್ಸ್ ಫೀಶ್ಟಲ್ ರೂಪಿಸಿದ, ಬಂಡೆಯ ಬಿರುಕಿಗೆ ಹೊಡೆಯುವ ಕಣ್ಣಿರುವ ಕಬ್ಬಿಣದ ಗೂಟ, ಅಂದರೆ ಪಿಟಾನ್. ಹಾಗೂ ಮ್ಯೂನಿಕ್‌ನ ಓಟೊ ಹೆರ್ಜೋಗ್ ಬಳಕೆಗೆ ತಂದರೆಂದು ಹೇಳಲಾಗುವ, ಒತ್ತಿದರೆ ಬಾಯಿ ತೆರೆಯುವ ಉಕ್ಕಿನ ಕೊಂಡಿ, ಅಂದರೆ ಕ್ಯಾರಬಿನರ್. ಈ ಎರಡರಿಂದ ಹಗ್ಗವನ್ನು ಬಂಡೆಗೆ ಸಿಕ್ಕಿಸುತ್ತಾ ಹೋಗಬಹುದಾಯಿತು. ಆದರೂ ಹಗ್ಗ ಮಾತ್ರ ಹಳೆಯದೇ.

ನಿಜವಾದ ಬದಲಾವಣೆ ತಂದದ್ದು 1930ರ ದಶಕದಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ಹುಟ್ಟಿದ ನೈಲಾನ್. ಎರಡನೇ ಮಹಾಯುದ್ಧದ ಹೊತ್ತಿಗೆ ಅದರ ಹಗ್ಗ ಬಂತು. ನೈಲಾನ್ ಹಗ್ಗ ಹಿಗ್ಗಿ, ಬೀಳುವವರನ್ನು ಮೆಲ್ಲಗೆ ತಡೆಯುತ್ತದೆ. 1953ರಲ್ಲಿ ಜರ್ಮನಿಯ ಎಡೆಲ್‌ರಿಡ್ ಕಂಪನಿ, ಒಳಗೆ ತಿರುಳು ಮೇಲೆ ಹೆಣೆದ ಕವಚ ಇರುವ ಇಂದಿನ ಬಗೆಯ ಹಗ್ಗವನ್ನು ತಂದಿತು. ಇಂದಿನ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, 80 ಕಿಲೋ ತೂಕವನ್ನು ಬೀಳಿಸಿ ಪರೀಕ್ಷಿಸಿದಾಗ ಹಗ್ಗದಲ್ಲಿ ಉಂಟಾಗುವ ಬಲ 12 ಕಿಲೋನ್ಯೂಟನ್ ಮೀರುವಂತಿಲ್ಲ. ಅದು ಆ ತೂಕದ ಸುಮಾರು ಹದಿನೈದು ಪಟ್ಟು. ಅಷ್ಟನ್ನು ತಾಳಬೇಕಾದ ಹಗ್ಗದ ಕೆಲಸ ಎಷ್ಟು ಕಠಿಣ ಎಂದು ಇದರಿಂದ ಊಹಿಸಬಹುದು.

'ಇಂಗ್ಲಿಷ್ ಗಾಳಿ'ಯ ಸಿಲಿಂಡರ್

ಇಲ್ಲಿ ಒಂದು ಸಾಮಾನ್ಯ ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ಎತ್ತರಕ್ಕೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಶೇ. 21ರಿಂದ ಕೆಳಗಿಳಿಯುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಎವರೆಸ್ಟ್ ಮೇಲೂ ಅದು ಶೇ. 21ರಷ್ಟೇ. ಕಡಿಮೆಯಾಗುವುದು ಗಾಳಿಯ ಒತ್ತಡ. ಶಿಖರದಲ್ಲಿ ಅದು ಸಮುದ್ರಮಟ್ಟದ ಮೂರನೇ ಒಂದು ಭಾಗ ಮಾತ್ರ. ಹಾಗಾಗಿ ಒಂದು ಉಸಿರಿನಲ್ಲಿ ಸಿಗುವ ಆಮ್ಲಜನಕವೂ ಅಷ್ಟೇ ಕಡಿಮೆ.

1922ರ ತಂಡ ಸಿಲಿಂಡರ್ ಒಯ್ದಾಗ ಶೆರ್ಪಾಗಳು ಅದನ್ನು 'ಇಂಗ್ಲಿಷ್ ಗಾಳಿ' ಎಂದು ತಮಾಷೆ ಮಾಡಿದರಂತೆ. ನಾಲ್ಕು ಸಿಲಿಂಡರ್‌ಗಳ ಆ ಹೊರೆಯ ತೂಕ ಸುಮಾರು 14.5 ಕಿಲೋ. ಅದನ್ನು ಹೊತ್ತೇ ಫಿಂಚ್ ಮತ್ತು ಜೆಫ್ರಿ ಬ್ರೂಸ್ ಸುಮಾರು 8,300 ಮೀಟರ್ ತಲುಪಿದರು. ಬ್ರೂಸ್‌ಗೆ ಅದು ಮೊದಲ ದೊಡ್ಡ ಪರ್ವತಾರೋಹಣ! ಆಮ್ಲಜನಕ ಬಳಸುವುದು ಕ್ರೀಡಾಧರ್ಮಕ್ಕೆ ವಿರುದ್ಧ ಎಂಬ ವಾದ ಆಗ ಜೋರಾಗಿತ್ತು. 1953ರ ಮೇ 29ರಂದು ಹಿಲರಿ ಮತ್ತು ತೇನ್‌ಸಿಂಗ್ ಶಿಖರ ಮುಟ್ಟಿದ್ದು ಸಿಲಿಂಡರ್ ಬೆನ್ನಿಗೆ ಹೊತ್ತೇ. ಆಮ್ಲಜನಕದ ನೆರವಿಲ್ಲದೆಯೂ ಅಲ್ಲಿಗೆ ಹೋಗಬಹುದು ಎಂದು ಮೆಸ್ನರ್ ಮತ್ತು ಹಬೆಲರ್ ತೋರಿಸಿದ್ದು 1978ರಲ್ಲಿ.

ಕೆಲವು ಫಾರ್ವರ್ಡ್‌ಗಳು, ಅವುಗಳ ವಾಸ್ತವ

"ಮ್ಯಾಲರಿಯ ಜೇಬಿನಲ್ಲಿ ಹೆಂಡತಿಯ ಫೋಟೊ ಇರಲಿಲ್ಲ, ಹಾಗಾಗಿ ಅವರು ಶಿಖರ ಮುಟ್ಟಿ ಅದನ್ನು ಅಲ್ಲಿಟ್ಟಿದ್ದರು." ಮನಸ್ಸಿಗೆ ತಟ್ಟುವ ಮಾತು, ಪುರಾವೆಯಲ್ಲ. ಫೋಟೊ ಸಿಗದಿರಲು ಹತ್ತು ಕಾರಣಗಳಿರಬಹುದು. ಅವರ ಬಳಿ ಇದ್ದಿರಬಹುದಾದ ಕ್ಯಾಮೆರಾ ಇನ್ನೂ ಸಿಕ್ಕಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಎವರೆಸ್ಟಿನ ಉತ್ತರದ ಹಿಮನದಿಯಲ್ಲಿ ಇರ್ವಿನ್ ಹೆಸರು ಹೊಲಿದ ಕಾಲುಚೀಲ, ಬೂಟು ಮತ್ತು ಪಾದ ಸಿಕ್ಕವು. ಅವರು ಶಿಖರ ತಲುಪಿದ್ದರೇ ಎಂಬ ಪ್ರಶ್ನೆಗೆ ಅದರಿಂದಲೂ ಉತ್ತರ ಸಿಕ್ಕಿಲ್ಲ.

"ಹಳೆಯ ಕಾಲದ ಹಗ್ಗ ಗಟ್ಟಿ, ಈಗಿನದೆಲ್ಲ ಪ್ಲಾಸ್ಟಿಕ್." ತಪ್ಪು, ಮತ್ತು ಜೀವಕ್ಕೆ ಅಪಾಯ ತರುವ ತಪ್ಪು. ಬೀಳುವವರನ್ನು ತಡೆಯುವ ವಿಷಯದಲ್ಲಿ ನೈಲಾನ್ ಹಗ್ಗಕ್ಕೆ ನಾರಿನ ಹಗ್ಗ ಸಾಟಿಯಲ್ಲ. ನೈಲಾನ್ ಹಗ್ಗವೂ ಶಾಶ್ವತವಲ್ಲ. ಬಳಸದೆ ಇಟ್ಟರೂ ಸಾಮಾನ್ಯವಾಗಿ ಹತ್ತು ವರ್ಷದೊಳಗೆ ಅದನ್ನು ಬದಲಿಸಬೇಕು ಎಂದು ತಯಾರಕರು ಹೇಳುತ್ತಾರೆ.

"ಮೋಡ ಇದ್ದರೆ ಹಿಮದಲ್ಲಿ ಕನ್ನಡಕ ಬೇಡ." ಬೇಕು. ಹೊಸ ಹಿಮ ತನ್ನ ಮೇಲೆ ಬಿದ್ದ ಅತಿನೇರಳೆ ಕಿರಣದಲ್ಲಿ ಶೇ. 80ರವರೆಗೆ ಹಿಂದಕ್ಕೆ ಎಸೆಯುತ್ತದೆ. 1924ರಲ್ಲಿ ಸಿಲಿಂಡರ್ ಇಲ್ಲದೆ 8,573 ಮೀಟರ್ ಏರಿದ ಎಡ್ವರ್ಡ್ ನಾರ್ಟನ್, ಹೆಜ್ಜೆ ಕಾಣಲೆಂದು ಕನ್ನಡಕ ತೆಗೆದಿದ್ದರು. ಅಂದು ರಾತ್ರಿಯೇ ಅವರ ಕಣ್ಣು ಕಾಣದಾಯಿತು. ಮತ್ತೆ ಕಾಣಲು ದಿನಗಳೇ ಹಿಡಿದವು.

ಚಾರಣಕ್ಕೆ ಹೊರಟವರಿಗೆ ಇದರಿಂದ ಏನು ಉಪಯೋಗ?

ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನಿಂದ ಪ್ರತಿವರ್ಷ ಹಿಮಾಲಯದ ಚಾರಣಕ್ಕೆ ಹೋಗುವವರಿದ್ದಾರೆ. ಹಳೆಯವರ ಅನುಭವದಿಂದ ಅವರು ಕಲಿಯಬಹುದಾದದ್ದು ಇಷ್ಟು:

- ಒಂದೇ ದಪ್ಪ ಸ್ವೆಟರಿನ ಬದಲು ಹಲವು ತೆಳು ಪದರ ತೊಡಿ. ಎಲ್ಲಕ್ಕಿಂತ ಮೇಲೆ ಗಾಳಿ ತಡೆಯುವಂಥದ್ದು ಇರಲಿ.
- ಮೈಗೆ ತಾಗುವ ಬಟ್ಟೆ ಹತ್ತಿಯದು ಬೇಡ. ಬೆವರಿಗೆ ಒದ್ದೆಯಾದರೆ ಅದು ಬೇಗ ಒಣಗದೆ ಮೈ ತಣ್ಣಗಾಗಿಸುತ್ತದೆ. ಉಣ್ಣೆ ಅಥವಾ ಚಾರಣಕ್ಕೆಂದೇ ಬರುವ ಸಿಂಥೆಟಿಕ್ ಬಟ್ಟೆ ಒಳ್ಳೆಯದು.
- ನಡೆಯುವಾಗ ಸಾಕೆನಿಸುವ ಬಟ್ಟೆ ನಿಂತಾಗ ಸಾಲದು. ನಿಂತಾಗ ತೊಡಲು ಒಂದು ಹೆಚ್ಚುವರಿ ಜಾಕೆಟ್ ಚೀಲದಲ್ಲಿರಲಿ.
- ಹೊಸ ಶೂವನ್ನು ಊರಲ್ಲೇ ಕೆಲವು ವಾರ ಹಾಕಿ ಪಳಗಿಸಿ. ಲೇಸನ್ನು ರಕ್ತ ಓಡಾಟ ನಿಲ್ಲುವಷ್ಟು ಬಿಗಿಯಬೇಡಿ.
- ಯಾರೋ ಕೊಟ್ಟ, ಎಷ್ಟು ಹಳೆಯದೆಂದು ಗೊತ್ತಿಲ್ಲದ ಹಗ್ಗವನ್ನು ಬಂಡೆ ಹತ್ತಲು ಎಂದೂ ಬಳಸಬೇಡಿ.

ಹಳೆಯ ಸಲಕರಣೆಗಳನ್ನು ಕಣ್ಣಾರೆ ನೋಡುವ ಆಸೆಯಿದ್ದರೆ ಡಾರ್ಜಿಲಿಂಗ್‌ಗೆ ಹೋದಾಗ ಹಿಮಾಲಯನ್ ಮೌಂಟೇನಿಯರಿಂಗ್ ಇನ್‌ಸ್ಟಿಟ್ಯೂಟ್‌ನ ವಸ್ತುಸಂಗ್ರಹಾಲಯಕ್ಕೆ ಭೇಟಿ ಕೊಡಿ. 1954ರಲ್ಲಿ ಶುರುವಾದ ಈ ಸಂಸ್ಥೆಯಲ್ಲಿ ತೇನ್‌ಸಿಂಗ್ ನೋರ್ಗೆ ಅವರೇ ಕ್ಷೇತ್ರ ತರಬೇತಿಯ ಮೊದಲ ನಿರ್ದೇಶಕರಾಗಿದ್ದರು.

ಇನ್ನು ಆ ಕಪ್ಪು-ಬಿಳುಪು ಚಿತ್ರ ಮತ್ತೆ ನಿಮ್ಮ ಗುಂಪಿಗೆ ಬಂದರೆ, ನಗುವ ಇಮೋಜಿ ಒತ್ತುವ ಮುನ್ನ ಒಂದು ಮಾತು ಸೇರಿಸಿ ಕಳಿಸಿ: ಅವರನ್ನು ಕೊಂದದ್ದು ಆ ಕೋಟಲ್ಲ. ಬಿದ್ದಾಗ ಹಿಡಿದು ನಿಲ್ಲಿಸಬಲ್ಲ ಹಗ್ಗ ಆಗಿನ್ನೂ ಹುಟ್ಟಿರಲಿಲ್ಲ.